ನಲವತ್ತೆರಡನೆಯ ಶೀತನಾಳ

ಇಸವಿ ೨೦೬೩, ಜನವರಿ. ಅಂಟಾರ್ಕ್ಟಿಕದ ಒಳಭಾಗದ ಪರ್ವತಸಾಲಿನಲ್ಲಿ, ಎರಡು ಕರಿಬಂಡೆಯ ಶಿಖರಗಳ ನಡುವೆ ಹರಿಯುವ ಹಿಮನದಿಯ ಮೇಲೆ ನಲವತ್ತೊಂದು ಕೊಳವೆಗಳು ಸಾಲಾಗಿ ನಿಂತು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವು. ಅವಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಒಂದೊಂದೂ ಎಂಟುನೂರು ಮೀಟರ್ ಆಳಕ್ಕೆ, ಹಿಮ ನೆಲಕ್ಕೆ ತಾಗುವವರೆಗೆ ಇಳಿದಿತ್ತು. ಅಲ್ಲಿ ಭೂಮಿಯ ಕಾವಿಗೆ ಹಿಮದ ಅಡಿ ಕರಗಿ ನೀರಿನ ತೆಳುಪದರವಾಗುತ್ತದೆ. ಅದರ ಮೇಲೆ ಇಡೀ ಹಿಮನದಿ ಕಡಲಿನತ್ತ ಜಾರುತ್ತದೆ. ಕೊಳವೆಯ ತಳದ ಅಮೋನಿಯ ಆ ಕಾವನ್ನು ಹೀರಿ ಆವಿಯಾಗಿ ಮೇಲೇರುತ್ತಿತ್ತು. ಮೇಲಿನ ಕೊರೆಯುವ ಗಾಳಿಗೆ ಕಾವನ್ನು ಬಿಟ್ಟು, ದ್ರವವಾಗಿ ಮತ್ತೆ ಕೆಳಗಿಳಿಯುತ್ತಿತ್ತು. ಹೀಗೆ ತಳದ ನೀರು ಹೆಪ್ಪುಗಟ್ಟಿ ಹಿಮವು ನೆಲದ ಬಂಡೆಯನ್ನು ಕಚ್ಚಿಕೊಳ್ಳುತ್ತಿತ್ತು.

ಈ ‘ಶೀತನಾಳ’ವನ್ನು ರೂಪಿಸಿದವರು ಇಳಕಲ್ಲಿನ ಡಾ. ನೀಲಾಂಬಿಕೆ ಹೊಸಮನಿ. ದಿನಕ್ಕೆ ನಾಲ್ಕು ಮೀಟರ್ ಜಾರುತ್ತಿದ್ದ ಹಿಮನದಿ ಈಗ ಎರಡಕ್ಕೆ ಇಳಿದಿತ್ತು. ಪೂರ್ವದ ಶಿಖರದ ಬುಡದಲ್ಲಿ ಮಾತ್ರ ಒಂದು ಕಂಡಿ ಉಳಿದಿತ್ತು. ತಳದ ನೀರೆಲ್ಲ ಅಲ್ಲಿಗೇ ನುಗ್ಗುತ್ತಿತ್ತು. ನಲವತ್ತೆರಡನೆಯದು ಅಲ್ಲಿ ಇಳಿಯದಿದ್ದರೆ ಉಳಿದವೆಲ್ಲ ವ್ಯರ್ಥ.

ಹಡಗು ಹೊರಡಲು ಆರು ದಿನವಿತ್ತು. ಬಿಸಿನೀರು ಚಿಮ್ಮಿಸಿ ಹಿಮದಲ್ಲಿ ರಂಧ್ರ ಕೊರೆಯುವ ಪೈಪು ೭೯೦ ಮೀಟರಿಗೆ ಹೋಗಿ ನಿಂತಿತು. ರಾಡಾರ್ ತೋರಿಸಿದ್ದ ಆಳ ೮೧೨.

“ಇಪ್ಪತ್ತು ಮೀಟರ್ ಹೆಚ್ಚು ಕಡಿಮಿ ಆಗತೈತಿ. ನೆಲ ಮುಟ್ಟಿತು, ನಾಳ ಇಳಸ್ರಿ,” ಎಂದರು ನೀಲಾಂಬಿಕೆ.

ಕೊರೆತದ ಉಸ್ತುವಾರಿ ಅಮರೇಗೌಡ ಅಲುಗಲಿಲ್ಲ. ಕೈಗವಸು ತೆಗೆದು ಬರಿಗೈಯನ್ನು ಪೈಪಿನ ಮೇಲಿಟ್ಟು ನಿಂತರು.

“ಇದು ನೆಲ ಅಲ್ರಿ ಮೇಡಂ.”

“ಹೆಂಗ ಹೇಳ್ತೀರಿ ಗೌಡ್ರ?”

“ಹಟ್ಟಿ ಗಣಿಯೊಳಗ ಇಪ್ಪತ್ತು ವರ್ಷ ಕಲ್ಲು ಕೊರದೀನ್ರಿ. ನೆಲ ಮುಟ್ಟಿದ್ರ ಪೈಪು ಸುಮ್ಮ ಆಗ್ತದ. ಇದು ಒಂದ ಕಡಿಗೆ ಎಳ್ಯಾಕತ್ತದ. ಹಿಮದಾಗ ಸಿಕ್ಕೊಂಡ ದೊಡ್ಡ ಬಂಡಿಗಲ್ಲು ಇರಬೇಕು. ಹಿಮದ ಜೋಡಿ ಅದೂ ಹೊಂಟದ.”

ನೀಲಾಂಬಿಕೆಯೂ ಕೈಯಿಟ್ಟರು. ಪೈಪಿನ ಬಿಸಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಬಂಡೆಯ ಮೇಲೆ ನಾಳವನ್ನು ಕೂರಿಸಿದರೆ ನೀರು ಅದರ ಅಡಿಯಿಂದ ಹರಿದುಹೋಗುತ್ತದೆ. ಜಾಗ ಬದಲಿಸೋಣವೆಂದರೆ ಮೂರು ದಿನದ ಕೊರೆತ ನಷ್ಟ. ಉಳಿದ ಇಂಧನ ಒಂದೇ ರಂಧ್ರಕ್ಕೆ ಸಾಕು. ಹಡಗು ಹೊರಡುವಷ್ಟರಲ್ಲಿ ಹೊಸದು ನೆಲ ಮುಟ್ಟದಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನೀಲಾಂಬಿಕೆ ಎರಡು ಶಿಖರಗಳ ನಡುವಿನ ಬಿಳಿ ಹರವನ್ನು ನೋಡಿದರು. ಅದರ ಹಿಂದೆ ಒಂದು ರಾಜ್ಯದಷ್ಟು ವಿಸ್ತಾರದ ಹಿಮ ಈ ಇಕ್ಕಟ್ಟಿನಿಂದಲೇ ಹೊರಬೀಳಲು ಕಾದಿತ್ತು.

“ಮ್ಯಾಲ ಎಳೀರಿ,” ಎಂದರು. “ಹೊಸಾದು ಎಲ್ಲಿ ಕೊರೀಬೇಕು, ನೀವ ತೋರಸ್ರಿ.”

ಹದಿನೈದು ಮೀಟರ್ ಆಚೆ ಕೊರೆತ ಶುರುವಾಯಿತು. ಎರಡನೆಯ ದಿನ ಗಾಳಿಯೆದ್ದು ಡೇರೆಯೊಂದನ್ನು ಹೊತ್ತೊಯ್ದಿತು. ಕೊರೆತ ನಿಲ್ಲಿಸಿದರೆ ರಂಧ್ರ ಮತ್ತೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸರದಿಯ ಮೇಲೆ ಪೈಪು ಇಳಿಸಿದರು. ಗೌಡರ ಎರಡು ಬೆರಳು ಹಿಮಗಡಿತಕ್ಕೆ ಕಪ್ಪಗಾದವು. ಐದನೆಯ ದಿನ, ೮೧೫ ಮೀಟರಿನಲ್ಲಿ, ಅವರು ಕಣ್ಣು ಮುಚ್ಚಿ ಕೈಯಿಟ್ಟು ನಿಂತರು.

“ಸುಮ್ಮ ಆತ್ರಿ.”

ಸಂಜೆಯೊಳಗೆ ನಾಳ ಇಳಿಯಿತು. ಮರುದಿನ ಹೆಲಿಕಾಪ್ಟರಿನಲ್ಲಿ ತೀರ ಸೇರಿದರು; ಹಡಗು ಹೊರಟಿತು.

ಆಗಸ್ಟಿನಲ್ಲಿ ಉಪಗ್ರಹದ ಅಳತೆ ಬಂತು: ಹಿಮನದಿ ದಿನಕ್ಕೆ ಒಂಬತ್ತು ಸೆಂಟಿಮೀಟರ್ ಮಾತ್ರ ಜಾರುತ್ತಿತ್ತು. ಪತ್ರಿಕೆಗಳು ಹಬ್ಬ ಮಾಡಿದವು. ಅದೇ ವಾರ ಇಂಧನ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ನೀಲಾಂಬಿಕೆಯನ್ನು ಕರೆಸಿದರು.

“ಇನ್ನು ಕಡಲು ಏರುವ ಭಯವಿಲ್ಲ ಅಂತ ವರದಿ ಬರ್ದುಕೊಡಿ ಮೇಡಂ. ಕಲ್ಲಿದ್ದಲು ಸ್ಥಾವರಗಳನ್ನ ಮುಚ್ಚೋಕೆ ಇನ್ನೊಂದಿಷ್ಟು ಕಾಲಾವಕಾಶ ಸಿಗತ್ತೆ.”

“ಬರೆಯೋದಿಲ್ಲ ಸರ್. ಈ ನಾಳಕ್ಕೆ ಎಂಜಿನ್ ಅಂದ್ರೆ ಮೇಲಿನ ಚಳಿಗಾಳಿ. ಗಾಳಿ ಬಿಸಿಯಾದಷ್ಟೂ ನಾಳ ಸೋಲುತ್ತೆ. ನೀವು ಕೇಳ್ತಿರೋ ಕಾಲಾವಕಾಶವೇ ಅದನ್ನ ನಿಲ್ಲಿಸಿಬಿಡುತ್ತೆ.”

“ಹಾಗಾದ್ರೆ ನೀವು ಮಾಡಿದ್ದಾದರೂ ಏನು?”

“ಸುಮಾರು ನಲವತ್ತು ವರ್ಷ ಗಳಿಸಿಕೊಟ್ಟಿದ್ದೀವಿ. ವರದಿಯಲ್ಲಿ ಅಷ್ಟೇ ಇರುತ್ತೆ.”

ಮನೆಗೆ ಬಂದವರೇ ಹಟ್ಟಿಗೆ ಫೋನ್ ಮಾಡಿ ಗೌಡರಿಗೆ ಎಲ್ಲ ಹೇಳಿದರು. ಇನ್ನೂ ಹನ್ನೊಂದು ಹಿಮನದಿಗಳು ಹೀಗೇ ಜಾರುತ್ತಿವೆ ಎಂದೂ ಹೇಳಿದರು.

“ಇದು ಯಾವಾಗಿಂದ ಇಷ್ಟು ಜೋರಾತ್ರಿ?” ಎಂದು ಕೇಳಿದರು ಗೌಡರು.

“ನಮ್ಮ ಅಜ್ಜ ಅಜ್ಜಿ ಕಾಲಕ್ಕ, ೨೦೨೫ರ ಸುಮಾರಿಗೆ, ದಿನಕ್ಕ ಒಂದು ಗೇಣೂ ಸರೀತಿರಲಿಲ್ಲ. ಆವಾಗ ಗಾಳಿ ಬಿಸಿ ಆಗೋದನ್ನ ತಡದಿದ್ರ ಈ ನಾಳದ ಗರಜ ಬೀಳ್ತಿದ್ದಿಲ್ಲ.”

“ಆ ಮಂದಿಗೆ ಗೊತ್ತಿದ್ದಿಲ್ಲೇನ್ರಿ?”



“ಗೊತ್ತಿತ್ರಿ, ಗೌಡ್ರ.”

ಅತ್ತ ಗೌಡರು ಪೆನ್ನು ಕಾಗದ ಎಳೆದುಕೊಂಡರು. ಮುಂದಿನ ಹಿಮನದಿ ಎಷ್ಟು ಆಳವಿದೆ, ಎಷ್ಟು ಮೀಟರ್ ಪೈಪು ತರಿಸಬೇಕು ಎಂದು ಕೇಳಿದರು.