ಕೆಳಗೆ ನಿಂತವಳು

ಮೆಣಸಿನಕಾಯಿ ಹರವುತ್ತಿದ್ದ ಹಂಸಳ ಕಣ್ಣೆದುರಿಗೇ ಮೇಲಿನಿಂದ ಎರಡು ಕಾಲುಗಳು ಇಳಿಬಿದ್ದವು.

ಅವಳು ಕಿರುಚಲಿಲ್ಲ. ಕೈಯಲ್ಲಿದ್ದ ಮೊರವನ್ನೇ ಗಟ್ಟಿಯಾಗಿ ಹಿಡಿದು ನಿಂತಳು. ಕಲ್ಯಾಣ ನಗರದ ಆ ಕಟ್ಟಡ ಅವಳ ಅಪ್ಪ ಮುನಿಶಾಮಿಯವರದು. ಅಪ್ಪ, ಚಿಕ್ಕಪ್ಪನ ಜಗಳದಲ್ಲಿ ಕೆಲಸ ಅರ್ಧಕ್ಕೇ ನಿಂತುಹೋಗಿತ್ತು. ಮೆಟ್ಟಿಲು ಕೂಡ ಮೊದಲ ಮಹಡಿಯ ತನಕ ಮಾತ್ರ. ಅಲ್ಲಿಗೆ ಬರುತ್ತಿದ್ದವಳು ಅವಳೊಬ್ಬಳೇ, ಅದೂ ಅಜ್ಜಿ ಖಾರದ ಪುಡಿಗೆ ಮೆಣಸಿನಕಾಯಿ ಒಣಗಿಸು ಎಂದಾಗ.

"ಯಾರ್ರೀ ಅದು? ಮೇಲೇನ್ ಮಾಡ್ತಿದೀರ?"

"ಇಳೀತಿದೀನಿ ರೀ," ಗಂಡು ದನಿ ಬಂತು. "ಬೈಯೋದಿದ್ರೆ ಆಮೇಲೆ ಬೈಯಿರಿ. ಕಾಲಿಡೋ ಜಾಗ ಕಾಣ್ತಿಲ್ಲ. ಎಡಗಾಲು ಎಲ್ಲಿಡ್ಲಿ, ಅಷ್ಟು ಹೇಳ್ಬಿಡಿ."

ಇವನು ಬಿದ್ದರೆ ಪೊಲೀಸು, ಕೇಸು, ಅಪ್ಪನ ಕೂಗಾಟ... ಹಂಸ ಒಂದು ಕ್ಷಣ ಯೋಚಿಸಿದಳು.

"ಇನ್ನೊಂಚೂರು ಕೆಳಗೆ. ಬಲಕ್ಕೆ ಬನ್ನಿ. ಅಲ್ಲೊಂದು ಕಂಬಿ ಇದೆ, ಅದರ ಮೇಲಿಡಿ."

ಅವನು ಇಳಿದು ಬಂದ. ಬೆವರಿದ ಮುಖ, ಸಿಮೆಂಟು ಮೆತ್ತಿದ ಕೈ, ತಪ್ಪು ಮಾಡಿದವನ ಲಕ್ಷಣವೇ ಇಲ್ಲದ ನಗು.

"ನಿಮ್ಮ ದನಿ ಚೆನ್ನಾಗಿದೆ," ಅಂದ. "ಅದನ್ನ ಕೇಳ್ಕೊಂಡು ಎಲ್ಲಿಂದ ಬೇಕಾದ್ರೂ ಇಳೀಬಹುದು."

ಹುಡುಗಿಯರ ಕಣ್ಣು ಹೊಗಳುವವರನ್ನು ಹಂಸ ಬೇಕಾದಷ್ಟು ನೋಡಿದ್ದಳು. ಇವನು ಬೇರೆ ಥರದವನು.

ಹಲಸೂರಿನ ಈ ವಸಂತ್ ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಭಾನುವಾರ ಲಿಫ್ಟೂ ಇಲ್ಲದ, ಮೆಟ್ಟಿಲೂ ಇಲ್ಲದ ಪಾಳು ಕಟ್ಟಡಗಳನ್ನು ಹುಡುಕಿಕೊಂಡು ಹೋಗಿ ಹತ್ತುತ್ತಿದ್ದ. ಇಂಥ ಹುಚ್ಚರದೇ ಒಂದು ಗುಂಪಿತ್ತು, ಅದಕ್ಕೊಂದು ಕಟ್ಟುಪಾಡೂ ಇತ್ತು. ಇಳಿಯುವವರಿಗೆ ತಮ್ಮ ಕಾಲು ಕಾಣುವುದಿಲ್ಲ. ಕೆಳಗೆ ನಿಂತವರು ನೋಡಿ ಹೇಳಬೇಕು. ಹಾಗೆ ನಿಲ್ಲುವವರನ್ನು 'ಕಣ್ಣು' ಎನ್ನುತ್ತಿದ್ದರು. ಒಬ್ಬರಿಗೆ ಒಬ್ಬರೇ ಕಣ್ಣು. ತುದಿಯಲ್ಲಿ ತೆಗೆಯುವ ಫೋಟೋದಲ್ಲಿ ಮುಖ ಇರಕೂಡದು. ಹತ್ತಿದವರ ಬೂಟು, ಅದರ ಕೆಳಗೆ ಬಹು ದೂರದಲ್ಲಿ ಚುಕ್ಕಿಯಷ್ಟೇ ಕಾಣುವ ಅವರ ಕಣ್ಣು... ಅಷ್ಟೇ.

ಗಣೇಶನ ಹಬ್ಬದ ಹೊತ್ತಿಗೆ ವಸಂತನ ಎಲ್ಲ ಫೋಟೋಗಳಲ್ಲೂ ಆ ಚುಕ್ಕಿ ಹಂಸಳೇ. 'ನೀವು' ಹೋಗಿ 'ನೀನು' ಬಂದಿತ್ತು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ. 'ಜೀವಾನೇ ನನ್ನ ಮಾತಿನ ಮೇಲೆ ಇಟ್ಟಿದಾನೆ, ಇನ್ನು ಬಾಯಿಬಿಟ್ಟು ಹೇಳೋದೇನಿದೆ' ಎಂದುಕೊಂಡಿದ್ದಳು ಪೆದ್ದಿ.

ಆಮೇಲೊಂದು ಶನಿವಾರ ಅವನು ಫೋನ್ ಮಾಡಿದ.

"ನಾಳೆ ಡ್ಯೂಟಿ ಇದೆ ಕಣೆ. ಬರೋಕಾಗಲ್ಲ."

ಮುಂದಿನ ಶನಿವಾರವೂ ಅದೇ ಮಾತು.

ಆ ಭಾನುವಾರ ಗುಂಪಿನ ವಾಟ್ಸಾಪ್‌ಗೆ ಫೋಟೋ ಬಂತು. ಮೂತಿ ಕಿತ್ತುಹೋದ ನೀಲಿ ಬೂಟು ವಸಂತನದೇ. ಅದರ ಕೆಳಗೆ ಕೆಂಪು ಚುಕ್ಕಿ.

ಹಂಸ ಬೆರಳಿನಿಂದ ಹಿಗ್ಗಿಸಿ ನೋಡಿದಳು. ಕೆಂಪು ಟೀ ಶರ್ಟು, ಗಿಡ್ಡ ಕೂದಲು, ಸೊಂಟದ ಮೇಲೆ ಕೈ. ಮಾರಿಯಾ. ಶಿವಾಜಿನಗರದ ಜಿಮ್‌ನಲ್ಲಿ ಟ್ರೇನರ್. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹತ್ತುವವಳು.

ಇನ್ನೊಬ್ಬಳ ಜೊತೆ ಸಿನಿಮಾಗೆ ಹೋಗಿದ್ದರೆ ಕ್ಷಮಿಸುತ್ತಿದ್ದಳೇನೋ. ಇದು ಹಾಗಲ್ಲ. 'ಎಡಗಾಲು ಕೆಳಗೆ ವಸಂತ್' ಎಂದು ಅವಳು ಹೇಳುವುದು, ಇವನು ನಂಬಿ ಕಾಲಿಡುವುದು... ನೆನೆದಷ್ಟೂ ಹಂಸಳ ಹೊಟ್ಟೆ ಉರಿಯಿತು. ಅವನ ಕಣ್ಣಾಗಿ ಉಳಿಯದಿದ್ದರೆ ತಾನು ಅವನಿಗೆ ಯಾರು? ಅಡಿಗೆಮನೆಯಲ್ಲಿ ಅಜ್ಜಿ ಅಣ್ಣಮ್ಮ ಉಪ್ಪು ಕೇಳಿದರೆ ಸಕ್ಕರೆ ಡಬ್ಬ ಕೊಟ್ಟಳು.

"ಯಾಕೆ ಮುಖ ಊದಿಸ್ಕೊಂಡಿದೀಯ?"

"ಏನಿಲ್ಲ ಅಜ್ಜಿ."

"ಏನಿಲ್ದೇನೇ ಸಾರಿಗೆ ಸಕ್ಕರೆ ಹಾಕಿಸ್ತೀಯಾ?"

ಮುಂದಿನ ಭಾನುವಾರ ಬೆಳಿಗ್ಗೆ ಗುಂಪಿನ ಮೆಸೇಜು ನೋಡಿಕೊಂಡು ಅವಳು ಹೊರಟಳು. ರಸೆಲ್ ಮಾರುಕಟ್ಟೆಯ ಹೂವಿನವರನ್ನು ದಾಟಿ, ಹಿಂದಿನ ಗಲ್ಲಿಯಲ್ಲಿ ಮುಚ್ಚಿಹೋದ ಒಂದು ಹಳೆಯ ಚಿತ್ರಮಂದಿರ. ಅದರ ಹಿಂಗೋಡೆಗೆ ಕಬ್ಬಿಣದ ಏಣಿ. ಏಣಿಯ ಬುಡದಲ್ಲಿ ವಸಂತ್ ಬೂಟಿನ ಲೇಸು ಬಿಗಿಯುತ್ತಿದ್ದ. ಮಾರಿಯಾ ಏನೋ ಅಂದಳು, ಅವನು ನಕ್ಕ.

ಆ ನಗು ತನ್ನದೆಂದು ತಿಳಿದಿದ್ದಳು ಹಂಸ.

"ಡ್ಯೂಟಿ ಇಲ್ಲೇನಾ?"

ವಸಂತನ ಮುಖ ಬಿಳಿಚಿಕೊಂಡಿತು. "ಹಂಸ... ಹೇಳ್ತೀನಿ, ಒಂದ್ನಿಮಿಷ ಕೇಳು."

"ಬೇಡ. ಕೆಳಗೆ ನಿಂತೂ ನಿಂತೂ ಸಾಕಾಗಿದೆ. ಮೇಲೆ ಏನಿದೆ ಅಂತ ನಾನೂ ನೋಡ್ತೀನಿ."

ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಸುತ್ತಿ ಏಣಿ ಹತ್ತಿಯೇಬಿಟ್ಟಳು. ಅವನು ಕೂಗುತ್ತಲೇ ಇದ್ದ. ಕಿವಿಗೊಡಲಿಲ್ಲ. ನಡುವೆ ಮುರಿದಿದ್ದ ಒಂದು ಮೆಟ್ಟಿಲನ್ನು ಕೂಡ ಸಿಟ್ಟಿನ ಭರದಲ್ಲಿ ದಾಟಿದಳು.

ಸಿಟ್ಟು ಅರ್ಧ ಗೋಡೆಗೇ ಮುಗಿದುಹೋಯಿತು. ಕೆಳಗೆ ನೋಡಿದಳು. ಮಾರುಕಟ್ಟೆಯ ಜನರ ನೆತ್ತಿಗಳು, ತಗಡಿನ ಮಾಡುಗಳು ಎಲ್ಲ ಒಮ್ಮೆ ತಿರುಗಿದಂತಾಯಿತು. ಕೈಗಳು ಕಂಬಿಗೆ ಅಂಟಿಕೊಂಡವು. ಮುರಿದ ಮೆಟ್ಟಿಲು ಈಗ ಕಾಲಿನ ಕೆಳಗೆಲ್ಲೋ ಇತ್ತು, ಕಾಣುತ್ತಿರಲಿಲ್ಲ. ಏಣಿಗೆ ತುಕ್ಕು ಬೇರೆ. ಇಬ್ಬರ ಭಾರ ತಡೆಯುವಂತಿರಲಿಲ್ಲ.

"ಹಂಸ, ಅಲ್ಲಾಡ್ಬೇಡ. ಬಲಗಾಲು..."

"ನಿನ್ನ ಮಾತು ಕೇಳಲ್ಲ ನಾನು."

"ನಾನ್ ಹೇಳ್ಲಾ ಮಾ?" ಮಾರಿಯಾ ಕೇಳಿದಳು.

"ನೀವಂತೂ ಬಾಯೇ ಬಿಡ್ಬೇಡಿ."

ಜೀವ ಹೋಗುವ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಬಿಡಲಿಲ್ಲ ನೋಡಿ ಈ ಹುಡುಗಿಗೆ!

ಮಾರಿಯಾ ವಸಂತನ ಬೆನ್ನಿಗೊಂದು ಗುದ್ದಿದಳು. "ನಿಜ ಹೇಳು ಡಾ ಅವಳಿಗೆ. ಇಲ್ಲಾಂದ್ರೆ ಇಳಿಯಲ್ಲ ಅವಳು."

ಅವನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಹಬ್ಬ ಆದ್ಮೇಲೆ ಕೆ.ಆರ್. ಪುರದಲ್ಲಿ ಫ್ಯಾಕ್ಟರಿ ಚಿಮಣಿ ಹತ್ತಿದ್ನಲ್ಲ, ಇಳಿಯೋಕೆ ಅಷ್ಟು ಹೊತ್ತು ಮಾಡ್ದೆ. ಫೋಟೋ ತೆಗೀತಿದ್ದೆ ಅಂದಿದ್ದು ಸುಳ್ಳು. ಕೆಳಗೆ ನೋಡ್ದಾಗ ನೀನು ಕತ್ತೆತ್ತಿ ನಿಂತಿದ್ದೆ. ನಾನು ಬಿದ್ರೆ ಇವಳ ಕಣ್ಮುಂದೇನೇ ಬೀಳ್ತೀನಲ್ಲ ಅನ್ನಿಸ್ತು. ಕೈಕಾಲು ನಡುಗೋಕೆ ಶುರುವಾಯ್ತು. ಅಲ್ಲೀವರೆಗೂ ನಂಗೆ ಭಯ ಅನ್ನೋದೇ ಗೊತ್ತಿರ್ಲಿಲ್ಲ."

ಹಂಸ ಹಣೆಯನ್ನು ಕಂಬಿಗೆ ಒತ್ತಿ ಕೇಳಿಸಿಕೊಂಡಳು.

"ನೀನು ಕೆಳಗಿದ್ರೆ ನಂಗೆ ಬದುಕ್ಬೇಕು ಅನ್ನಿಸುತ್ತೆ ಹಂಸ. ನಿನ್ನ ಜೊತೆ ಬದುಕ್ಬೇಕು ಅನ್ನಿಸುತ್ತೆ. ಅಷ್ಟು ಆಸೆ ಇಟ್ಕೊಂಡು ಹತ್ತೋಕಾಗಲ್ಲ. ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಮಾರಿಯಾನ ಕರೆದೆ."

ಹಂಸಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವ ಹಾಗಿಲ್ಲ. 'ಇವನು ನನ್ನನ್ನ ಬಿಟ್ಟಿರ್ಲಿಲ್ಲ... ನನ್ನ ಕಳ್ಕೊಳ್ಳೋಕೆ ಹೆದರಿದ್ದ.'

"ಇದನ್ನ ನೆಲದ ಮೇಲೆ ಹೇಳೋಕೆ ಆಗ್ತಿರ್ಲಿಲ್ವಾ?"

"ಕೇಳೋಕೆ ನೀನು ನೆಲದ ಮೇಲೆ ಎಲ್ಲಿ ನಿಂತೆ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಸರಿ. ಬಲಗಾಲು ಎಲ್ಲಿಡ್ಲಿ?"

ಅವನು ಹೇಳುತ್ತಾ ಹೋದ, ಅವಳು ಇಡುತ್ತಾ ಬಂದಳು. ಮುರಿದ ಮೆಟ್ಟಿಲ ಹತ್ತಿರ ಅವಳ ಕಾಲು ಒಮ್ಮೆ ಜಾರಿತು. ಮೇಲಿದ್ದವಳಿಗಿಂತ ಕೆಳಗಿದ್ದವನೇ ಹೆಚ್ಚು ನಡುಗಿದ. ಕೊನೆಗೆ ಅವಳ ಕಾಲು ನೆಲ ಮುಟ್ಟಿತು. ವಸಂತ್ ಹಿಡಿದುಕೊಂಡ, ಬಿಡಲಿಲ್ಲ. ಅವನ ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ನಾನ್ ಟೀ ಕುಡ್ಕೊಂಡ್ ಬರ್ತೀನಿ," ಮಾರಿಯಾ ಹೊರಟಳು. "ಅಲ್ಲೀವರೆಗೂ ಇಬ್ರೂ ಏನೂ ಹತ್ಬೇಡಿ."

ಆ ಕೆಂಪು ಟೀ ಶರ್ಟು ಗಲ್ಲಿಯ ತಿರುವು ದಾಟುವ ತನಕ ಹಂಸ ಅವನ ಭುಜದ ಮೇಲಿನಿಂದ ನೋಡುತ್ತಲೇ ಇದ್ದಳು.

"ಹತ್ತೋದೇ ಬಿಟ್ಬಿಡ್ಲಾ?" ವಸಂತ್ ಕೇಳಿದ.

"ಅದು ಆಮೇಲೆ. ಮೊದ್ಲು ಇದನ್ನ ಹೇಳು. ಅವಳು ಕೆಳಗೆ ನಿಂತಿದ್ರೆ ನಿಂಗೆ ಭಯ ಆಗಲ್ವಾ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ. ಆರಾಮಾಗಿ ಇಳೀತೀನಿ."

ಹಂಸ ಅವನ ಎದೆಗೆ ಮುಖ ಒತ್ತಿಕೊಂಡಳು.

"ಇನ್ನೊಂದ್ಸಲ ಹೇಳು."