ಐದನೇ ದಿನ: ಸರೋವರ ವೀಕ್ಷಣೆ

ಒಂದು ಸೋಮವಾರ ಬೆಳಗ್ಗೆ ಹತ್ತೂವರೆಗೆ ಜಗತ್ತಿನ ಮುಂದೆ ಒಂದು ಮಹಾಪ್ರಶ್ನೆ ಎದ್ದು ನಿಂತಿತು. ಪರ್ವತ ಹತ್ತಿ ಇಳಿಯಲು ಹದಿಮೂರು ದಿನ ಬೇಕೋ, ಹನ್ನೆರಡು ಸಾಕೋ? ಇದಕ್ಕಿಂತ ಸಣ್ಣ ಮಾತಿಗೆ ರಾಜ್ಯಗಳೇ ಉರುಳಿವೆ. ಆದ್ದರಿಂದ ಓದುಗರು ಸ್ವಲ್ಪ ನೆಟ್ಟಗೆ ಕೂತು ಕೇಳಬೇಕು.

ಪ್ರಶ್ನೆ ಎದ್ದದ್ದು ಮೂರನೇ ಮಹಡಿಯ ಒಂದು ಚಾರಣ ಕಚೇರಿಯಲ್ಲಿ. ಎರಡು ಮೇಜು, ಮೂಲೆ ಸುರುಳಿಗಟ್ಟಿದ ನಕ್ಷೆ, ಕಿಟಕಿಯ ಸರಳಿಗೆ ಒಣಗಲು ಹಾಕಿದ ಸ್ಲೀಪಿಂಗ್ ಬ್ಯಾಗುಗಳು.

ಒಂದು ಮೇಜಿನ ಹಿಂದೆ ಅವಳು. ಯಾವ ಶಿಖರಕ್ಕೆ ಎಷ್ಟು ದಿನ, ಎಲ್ಲಿ ನಡೆಯಬೇಕು, ಎಲ್ಲಿ ತಂಗಬೇಕು ಎಂದು ವೇಳಾಪಟ್ಟಿ ಬರೆಯುವುದು ಅವಳ ಕೆಲಸ. ಹಾಗಾಗಿ ಗೈಡುಗಳು ಇಟ್ಟ ಹೆಸರು ಪಂಚಾಂಗ. "ಪಂಚಾಂಗ ಏನನ್ನುತ್ತೆ?" ಎಂದು ಕೇಳದೆ ಅಲ್ಲಿ ಯಾರೂ ಬೂಟು ಕಟ್ಟುತ್ತಿರಲಿಲ್ಲ.

ಎದುರಿಗೆ ಅವನು. ಲಿಫ್ಟ್ ರಿಪೇರಿಯವನು. ಕಟ್ಟಡದ ಲಿಫ್ಟ್ ಕೆಟ್ಟು ಮೂರು ವಾರವಾಗಿದ್ದರಿಂದ, ಅವನ ಅಂಗಿಯ ಜೇಬಿನ ಮೇಲಿನ ಅಕ್ಷರ ಓದಿ ಅವಳಿಗೆ ಪರಮಾನಂದವಾಯಿತು. ಬಂದದ್ದು ರಿಪೇರಿಗಲ್ಲ, ಬೆಟ್ಟಕ್ಕೆ ಎಂದು ತಿಳಿದ ಮೇಲೆ ಆನಂದ ಇಳಿಯಿತು.

"ಈ ಐದನೇ ದಿನ ಯಾಕೆ?" ಎಂದು ಅವನು ಅವಳ ಕೈಯಿಂದಲೇ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದ.

"ಸಾರ್! ನನ್ನ ಪೆನ್ಸಿಲ್!"

ಸಾಲಿನಲ್ಲಿ ಇದ್ದದ್ದು ಇಷ್ಟು: *ಐದನೇ ದಿನ: ಸರೋವರ ವೀಕ್ಷಣೆ. ಅದೇ ಶಿಬಿರದಲ್ಲಿ ವಾಸ್ತವ್ಯ.*

"ಸರೋವರ ನೋಡದಿದ್ರೆ ಏನಾಗುತ್ತೆ?"

"ಒಳ್ಳೆ ಫೋಟೋ ತಪ್ಪುತ್ತೆ."

"ಅಷ್ಟೇನಾ?"

"ಅಷ್ಟೇ ಅಂದ್ರೆ? ನೀಲಿ ನೀರು, ಹಿಂದೆ ಹಿಮ... ನೋಡಿದವರು ವಾಪಸ್ ಬರೋದಕ್ಕೇ ಒಪ್ಪಲ್ಲ!" ಅವಳು ನಕ್ಕಳು. ಗಿರಾಕಿಗಳಿಗೆಂದೇ ಇಟ್ಟುಕೊಂಡಿದ್ದ ನಗು ಅದು.

ಅವನು ನಗಲಿಲ್ಲ. ಅವಳ ಮುಖವನ್ನೇ ನೋಡಿದ. ಎಷ್ಟು ಹೊತ್ತು! ಪೆನ್ಸಿಲ್ ಮೇಜಿನ ಮೇಲಿಟ್ಟು, "ಯೋಚನೆ ಮಾಡಿ ಬರ್ತೀನಿ" ಎಂದು ಹೋಗಿಬಿಟ್ಟ.

*ಏನು ಮನುಷ್ಯನಪ್ಪಾ ಇವನು! ಕಣ್ಣಲ್ಲಿ ಅದೇನು, ಕೋಪವಾ?* ಅವಳು ಗೀಟು ಅಳಿಸಿ ಆ ಸಾಲನ್ನು ಮತ್ತೆ ಬರೆದಳು.

ಇಲ್ಲಿ ಆ ಕಸುಬಿನ ಒಂದು ಗುಟ್ಟು ಹೇಳಬೇಕು. ಎತ್ತರದ ಬೆಟ್ಟದಲ್ಲಿ ಮೂರ್ನಾಲ್ಕು ದಿನಕ್ಕೊಮ್ಮೆ ಮೇಲೆ ಹೋಗದೆ ಒಂದೇ ಕಡೆ ಇರಬೇಕು. ಅಲ್ಲಿನ ತೆಳು ಗಾಳಿಗೆ ಮೈ ಒಗ್ಗುವ ದಿನ ಅದು. ಆದರೆ 'ವಿಶ್ರಾಂತಿ' ಎಂದು ಬರೆದ ದಿನವನ್ನು ಗಿರಾಕಿಗಳು ಮೊದಲು ಹೊಡೆದುಹಾಕುತ್ತಿದ್ದರು. ಕಚೇರಿಯ ಯಜಮಾನ, ಅಂದರೆ ಅವಳ ಚಿಕ್ಕಪ್ಪ, ಹಿಂದೆ ಗೈಡಾಗಿದ್ದು ಮಂಡಿ ಸವೆದು ಕುರ್ಚಿ ಹಿಡಿದವರು. ಅವರೇ ಉಪಾಯ ಕಂಡುಹಿಡಿದಿದ್ದರು.

"ರಜೆ ಹಾಕಿ ಬೆಟ್ಟಕ್ಕೆ ಬಂದವನಿಗೆ ಮಲಗು ಅಂದ್ರೆ ಮಲಗ್ತಾನೇನೇ? ಏನೋ ತೋರಿಸ್ತೀನಿ ಅನ್ನು. ಬಾಯಿ ಮುಚ್ಕೊಂಡು ನಿಲ್ತಾನೆ!"

ಹೀಗಾಗಿ ಪಟ್ಟಿಗಳ ತುಂಬ ಸರೋವರ, ಹೂವಿನ ಬಯಲು, ಸೂರ್ಯಾಸ್ತ. ಒಂದು ಕಡೆ ನೋಡಲು ಏನೂ ಸಿಗದೆ 'ವಿಶಿಷ್ಟ ಬಂಡೆ' ಎಂದೂ ಬರೆದಿದ್ದಳು. ಆ ಬಂಡೆಗೆ ಈಗ ಅಭಿಮಾನಿಗಳಿದ್ದರು.

ಮುಂದಿನ ಸೋಮವಾರ ಅವನು ಮತ್ತೆ ಬಂದ. ಅದರ ಮುಂದಿನ ಸೋಮವಾರವೂ. ಬಂದವನು ಅದೇ ಸಾಲು ಹೊಡೆಯುವುದು, ಅವಳು ಅದೇ ಸಾಲು ಮತ್ತೆ ಬರೆಯುವುದು.

"ಇಷ್ಟು ಅವಸರ ಯಾಕೆ ನಿಮಗೆ? ಬೆಟ್ಟ ಎಲ್ಲಿಗೂ ಓಡಿಹೋಗಲ್ಲ."

"ನಾನು ದಿನಾ ಇಪ್ಪತ್ತು ಮಹಡಿ ಹತ್ತಿ ಇಳಿಯೋನು."

"ಲಿಫ್ಟಲ್ಲಿ ತಾನೇ?"

"ಲಿಫ್ಟ್ ಕೆಟ್ಟಿದ್ರೆ ತಾನೇ ನನ್ನ ಕರೆಯೋದು?"

ಅವಳಿಗೆ ನಗು ತಡೆಯಲಾಗಲಿಲ್ಲ. ಈ ಸಲದ ನಗು ಗಿರಾಕಿಗಳದ್ದಾಗಿರಲಿಲ್ಲ. ಅವನೂ ನಗಲು ಹೊರಟು, ಏನೋ ನೆನಪಾದವನಂತೆ ತಟ್ಟನೆ ತುಟಿ ಬಿಗಿದ.

ನಾಲ್ಕನೇ ವಾರ ಯಾರೂ ಕೇಳದೆಯೇ ಕಟ್ಟಡದ ಲಿಫ್ಟ್ ಸರಿಮಾಡಿಕೊಟ್ಟ. ಅಂದು ಚಿಕ್ಕಪ್ಪ ಲಿಫ್ಟಲ್ಲಿ ಮೂರು ಸಲ ಸುಮ್ಮನೆ ಓಡಾಡಿದರು.

"ಚಿನ್ನದಂಥ ಹುಡುಗ ಕಣೇ. ಹನ್ನೆರಡೋ ಹದಿಮೂರೋ, ಮೊದಲು ಹೂಂ ಅಂದುಬಿಡು!"

"ಚಿಕ್ಕಪ್ಪ! ಅವರು ಕೇಳ್ತಿರೋದು ವೇಳಾಪಟ್ಟಿ!"

"ನಾಲ್ಕು ವಾರ ಯಾರೂ ವೇಳಾಪಟ್ಟಿ ಕೇಳಲ್ಲಮ್ಮ."

ಅವಳ ಕಿವಿ ಕೆಂಪಾಯಿತು. ನಿಜ ಹೇಳಬೇಕೆಂದರೆ ಭಾನುವಾರವೇ ಅವಳ ಎದೆಬಡಿತ ಏರುತ್ತಿತ್ತು. ಅದರ ಜೊತೆಗೇ ಒಂದು ಭಯ. *ಈ ಹಟಮಾರಿ ಆ ದಿನ ಬಿಟ್ಟು ಮೇಲೆ ಹೋದ್ರೆ? ಇವನಿಗೇನಾದ್ರೂ ಆದ್ರೆ...?*

ಏಳನೇ ಸೋಮವಾರ ಅವನು ಪೆನ್ಸಿಲ್ಲಿಗೆ ಕೈ ಚಾಚಿದಾಗ ಅವಳು ಕೊಡಲಿಲ್ಲ. ಅವನ ಕೈಯನ್ನೇ ಹಿಡಿದುಕೊಂಡಳು.

"ಕೇಳಿ... ಆ ದಿನ ತೆಗೆಯಬೇಡಿ. ಸರೋವರ ಎಲ್ಲ ಬರೀ ಹೆಸರಿಗೆ. ಅದೊಂದು ಕೆರೆ ಅಷ್ಟೇ, ಅರ್ಧ ವರ್ಷ ಮಂಜಲ್ಲಿ ಮುಚ್ಚಿರುತ್ತೆ."

"ಮತ್ತೆ?"

"ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಜಾಸ್ತಿ ಏರಬಾರದು. ನಡುವೆ ಒಂದು ದಿನ ಸುಮ್ಮನೆ ಇರಬೇಕು. ಮೈ ಒಗ್ಗದೆ ಹತ್ತಿದ್ರೆ ತಲೆನೋವು ಬರುತ್ತೆ, ಕುಡಿದವರ ಥರ ಕಾಲು ತೂರಾಡುತ್ತೆ. ಮೆದುಳು ಊದಿಕೊಳ್ಳುತ್ತೆ... ಜೀವ ಹೋಗುತ್ತೆ."

"ಹಾಗಂತಾನೇ ಬರೀಬಹುದಿತ್ತಲ್ಲ?"

"ಬರೆದ್ರೆ ಯಾರೂ ಆ ದಿನ ಇಟ್ಕೊಳಲ್ಲ. ಅದಕ್ಕೆ ಸರೋವರ ಅಂತೀವಿ. ಇದನ್ನ ಗಿರಾಕಿಗಳಿಗೆ ಹೇಳೋ ಪದ್ಧತಿ ಇಲ್ಲ. ನಿಮಗೆ ಮಾತ್ರ ಹೇಳ್ತಿದ್ದೀನಿ."

"ನನಗೆ ಮಾತ್ರ ಯಾಕೆ?"

"ನೀವು ವಾಪಸ್ ಬರಬೇಕು... ಅದಕ್ಕೆ."

ಪ್ರೀತಿಯನ್ನು ಇದಕ್ಕಿಂತ ನೇರವಾಗಿ ಹೇಳಲು ವೇಳಾಪಟ್ಟಿ ಬರೆಯುವವಳಿಗೆ ಬರುತ್ತಿರಲಿಲ್ಲ.

ಅವನ ಮುಖದ ಬಣ್ಣ ಇಳಿದುಹೋಯಿತು. ಕೈ ಬಿಡಿಸಿಕೊಂಡು, ಜೇಬಿನಿಂದ ಮಡಿಕೆಗಳಲ್ಲಿ ಹರಿಯಲು ಬಂದಿದ್ದ ಒಂದು ಹಾಳೆ ತೆಗೆದು ಅವಳ ಮುಂದೆ ಬಿಡಿಸಿದ.

"ಇದು ನಿಮ್ಮ ಅಕ್ಷರ ತಾನೇ?"

ಅವಳ ಅಕ್ಷರವೇ. *ಐದನೇ ದಿನ: ಸರೋವರ ವೀಕ್ಷಣೆ.*

"ಎರಡು ವರ್ಷದ ಹಿಂದೆ ನಮ್ಮಕ್ಕ ಇದನ್ನ ಹಿಡ್ಕೊಂಡು ಹೋದ್ಲು. ಒಟ್ಟು ಐದು ಜನ ಗೆಳತಿಯರು. ಗೈಡ್ ಬೇಡ ಅಂತ ಪಟ್ಟಿ ಮಾತ್ರ ಬರೆಸ್ಕೊಂಡಿದ್ರು. ಐದನೇ ದಿನ ಎದ್ದು ನೋಡಿದ್ರೆ ಮಂಜು. ಕಾಣದೇ ಇರೋ ಸರೋವರಕ್ಕೆ ಯಾಕೆ ಒಂದು ದಿನ ದಂಡ ಅಂತ ಹೊರಟುಬಿಟ್ರು." ಅವನು ಹಾಳೆಯ ಮಡಿಕೆಯನ್ನು ಬೆರಳಿನಿಂದ ನೇವರಿಸಿದ. "ಮೇಲಿಂದ ನಾಲ್ಕು ಜನ ಇಳಿದು ಬಂದ್ರು."

ಅವಳು ಹಾಳೆಯಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಪ್ರತಿ ಸಲ ಕೇಳಿದೆ ನಿಮ್ಮನ್ನ, ಏನಾಗುತ್ತೆ ಅಂತ. ಫೋಟೋ ತಪ್ಪುತ್ತೆ ಅಂದ್ರಿ. ನಗ್ತಾ ಅಂದ್ರಿ! ಒಂದು ಸಾವು ಗೊತ್ತಿದ್ದೂ ಹೀಗೆ ನಗ್ತಾರಲ್ಲ ಅಂತ... ನಿಮ್ಮನ್ನ ದ್ವೇಷ ಮಾಡೋಕೇ ಬಂದಿದ್ದು ನಾನು. ಆ ಕೆಲಸವೂ ಸರಿಯಾಗಿ ಮಾಡೋಕಾಗಲಿಲ್ಲ ನನಗೆ."

"ನನಗೆ ಗೊತ್ತಿರಲಿಲ್ಲ... ದೇವರಾಣೆ, ಗೊತ್ತಿರಲಿಲ್ಲ!"

ಅವನು ಹಾಳೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ.

ಅವಳು ತಿರುಗಿ ನೋಡಿದಳು. ಚಿಕ್ಕಪ್ಪ ನೆಲ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತು."

"ಪಟ್ಟಿ ಸರಿಯಾಗೇ ಇತ್ತಮ್ಮ. ಮೀರಿದ್ದು ಅವರು. ವಿಚಾರಿಸೋಕೆ ಬಂದವರೂ ಹಾಗೇ ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬರೆಯೋವಾಗ ನಿನ್ನ ಕೈ ನಡುಗ್ತಿತ್ತು."

"ನಡುಗಬೇಕಿತ್ತು ಚಿಕ್ಕಪ್ಪ!"

ಆ ವಾರ ಅವಳು ಕಪಾಟಿನಲ್ಲಿದ್ದ ನಲವತ್ತೊಂದು ಪಟ್ಟಿಗಳನ್ನೂ ಹೊರಗೆ ತೆಗೆದಳು. ಸರೋವರ, ಹೂವಿನ ಬಯಲು, ಸೂರ್ಯಾಸ್ತ ಎಲ್ಲವನ್ನೂ ಅಳಿಸಿ ಒಂದೇ ವಾಕ್ಯ ಬರೆದಳು. *ಮೈ ಒಗ್ಗಲು ಇರುವ ದಿನ, ಬಿಟ್ಟರೆ ಸಾಯಬಹುದು.* ಮರುದಿನ ಮಧುಚಂದ್ರಕ್ಕೆ ಹೊರಟಿದ್ದ ಒಂದು ಜೋಡಿ ಅದನ್ನು ಓದಿ, ಸಮುದ್ರವೇ ವಾಸಿ ಎಂದು ಎದ್ದುಹೋಯಿತು. ಚಿಕ್ಕಪ್ಪ ಅವರ ಮುಂಗಡವನ್ನು ಎಣಿಸಿ ವಾಪಸ್ ಕೊಟ್ಟರು.

ಸೋಮವಾರ ಬಂತು. ಅವನು ಬರಲಿಲ್ಲ. ಇನ್ನೊಂದು ಸೋಮವಾರವೂ ಹೋಯಿತು.

*ಅವನು ಬರದಿದ್ರೆ ಬೇಡ. ಹೇಳಬೇಕಾದ ಇನ್ನೊಬ್ಬರಿದ್ದಾರೆ.* ಎರಡು ವರ್ಷದ ಹಿಂದಿನ ಅರ್ಜಿಗಳ ಕಟ್ಟಿನಲ್ಲಿ ಅವನು ಬಿಟ್ಟುಹೋದ ಹಾಳೆಯ ಮೇಲಿದ್ದ ಹೆಸರು ಹಿಡಿದು ಹುಡುಕಿದಾಗ ಅವನಕ್ಕನ ಅರ್ಜಿ ಸಿಕ್ಕಿತು. ತುರ್ತು ಸಂಪರ್ಕ ಎಂಬಲ್ಲಿ ದುಂಡಗೆ ಬರೆದಿತ್ತು: ಅಮ್ಮ. ಕೆಳಗೆ ವಿಳಾಸ.

ತಾಯಿ ಬಟ್ಟೆ ಹೊಲಿಯುವವರು. ಮುಂದಿನ ಕೋಣೆಯಲ್ಲೇ ಮಷೀನು. ಗೋಡೆಯ ಮೊಳೆಗಳಲ್ಲಿ ಚೀಟಿ ಸಿಕ್ಕಿಸಿದ ಶಾಲಾ ಸಮವಸ್ತ್ರಗಳು. ಗುಂಡಿ ಹಾಕುತ್ತಿದ್ದ ಅವರು ತಲೆಯೆತ್ತಿ, "ಅಳತೆ ಕೊಡೋದಾ ಮಗಳೇ? ಕೂತ್ಕೋ" ಎಂದರು.

ಆ 'ಮಗಳೇ' ಎಂಬ ಮಾತು ಕೇಳಿದ ಮೇಲೆ ಅವಳಿಗೆ ಕೂರಲು ಮನಸ್ಸಾಗಲಿಲ್ಲ. ನಿಂತೇ ಹೇಳಿದಳು. ಪಟ್ಟಿ ಬರೆದವಳು ತಾನು ಎಂದಳು. ಆ ದಿನ ಸರೋವರಕ್ಕಲ್ಲ, ಸುಮ್ಮನೆ ಮಲಗಿರುವುದಕ್ಕೆ ಇಟ್ಟದ್ದು ಎಂದಳು. 'ಮಲಗಿ' ಎಂದು ಬರೆದರೆ ಯಾರೂ ಕೇಳುವುದಿಲ್ಲವೆಂದು ಸರೋವರ ಎಂದು ಬರೆದೆ, ಎಂದಳು.

ತಾಯಿ ದಾರವನ್ನು ಹಲ್ಲಿನಿಂದ ಕಡಿದರು.

"ಅವಳಿಗೆ ನಿದ್ದೆ ಅಂದ್ರೆ ಪ್ರಾಣ," ಎಂದರು. "ಮನೇಲಿ ಕುಂಭಕರ್ಣಿ ಅಂತಾನೇ ಕರೀತಿದ್ವಿ. ಫೋಟೋಗೆ ನಿಲ್ಲು ಅಂದ್ರೆ ಮುಖ ಗಂಟು ಹಾಕೋಳು. ಮಲಗು ಅಂತ ಬರೆದಿದ್ರೆ..." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಮಲಗು ಅಂತ ಬರೆದಿದ್ರೆ, ನನ್ನ ಮಗಳು ಖಂಡಿತ ಮಲಗ್ತಿದ್ಲು ಕಣೇ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕೊನೇ ದಿನ ಬೆಳಗ್ಗೆ ಗೆಳತಿಯರು ಎಬ್ಬಿಸಲೇ ಇಲ್ವಂತೆ. ಅವಳ ನಿದ್ದೆ ಗೊತ್ತಲ್ಲ, ಇನ್ನೊಂದು ಗಂಟೆ ಮಲಗಲಿ ಪಾಪ ಅಂತ... ಅದು ನಿದ್ದೆ ಅಲ್ಲ ಅಂತ ಅವರಿಗೆ ಹೊಳೀಲೇ ಇಲ್ಲ." ತಾಯಿ ಅಂಗಿಯನ್ನು ಮಡಚಿದರು, ಮತ್ತೆ ಬಿಡಿಸಿದರು, ಮತ್ತೆ ಮಡಚಿದರು. "ನೀನೇ ಬಂದು ಹೇಳಿದೆಯಲ್ಲ, ಒಳ್ಳೇದು ಮಾಡಿದೆ. ಬೇರೆ ಯಾರೂ ಬರಲಿಲ್ಲ. ಆದ್ರೆ ಇನ್ನು ಬರಬೇಡ. ನಿನ್ನ ಮುಖ ನೋಡೋ ಶಕ್ತಿ ನನಗಿಲ್ಲ."

"ಸರಿ ಅಮ್ಮ."

ಅವಳು ಹೊರಗೆ ಬಂದರೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ಅವನು ನಿಂತಿದ್ದ. ಹೆಗಲಲ್ಲಿ ಸಲಕರಣೆ ಚೀಲ, ಕೈಯಲ್ಲಿ ಗ್ರೀಸು. ಯಾವಾಗ ಬಂದಿದ್ದನೋ! ಕಣ್ಣು ನೋಡಿದರೆ ಎಲ್ಲ ಕೇಳಿಸಿಕೊಂಡಿದ್ದಾನೆಂದು ಗೊತ್ತಾಗುತ್ತಿತ್ತು.

ಇಬ್ಬರೂ ಬೀದಿಯ ಕೊನೆಯವರೆಗೆ ನಡೆದರು. ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಹೆದರಿಕೆ ಆಗಲಿಲ್ವಾ, ಇಲ್ಲಿಗೆ ಬರೋಕೆ?"

"ಆಯ್ತು. ಎರಡು ಸಲ ಬೀದಿ ತನಕ ಬಂದು ವಾಪಸ್ ಹೋಗಿದ್ದೆ."

"'ನನಗೆ ಗೊತ್ತಿರಲಿಲ್ಲ' ಅಂದ್ರಿ ಅವತ್ತು. ನಾನು ನಂಬಲಿಲ್ಲ. ಆಮೇಲೆ ನಿಮ್ಮ ಚಿಕ್ಕಪ್ಪ ನಾನು ಲಿಫ್ಟ್ ರಿಪೇರಿ ಮಾಡ್ತಿದ್ದಲ್ಲಿಗೇ ನನ್ನ ಹುಡುಕ್ಕೊಂಡು ಬಂದ್ರು. ಆ ಮಂಡೀಲಿ ಐದು ಮಹಡಿ ಹತ್ತಿ ಬಂದು, 'ಮುಚ್ಚಿಟ್ಟಿದ್ದು ನಾನು, ಅವಳಲ್ಲ' ಅಂದ್ರು."

ಅವಳಿಗೆ ಅದು ಹೊಸ ಸುದ್ದಿ. ಕಣ್ಣೀರು ತಡೆಯಲಾಗಲಿಲ್ಲ.

"ಗೊತ್ತಿರಲಿಲ್ಲ ಅಂದ್ರೆ ಮುಗೀತಾ? ಬರೆದದ್ದು ನಾನೇ ಅಲ್ವಾ?"

"ಬರೆದದ್ದು ನೀವೇ." ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ಕ್ಷಮಿಸಿದ್ದೀನಿ ಅಂತ ಹೇಳೋಕೆ ಬಾಯಿ ಬರ್ತಿಲ್ಲ ನನಗೆ. ಕ್ಷಮಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ಕೆಲಸ ಮುಗಿಸಿ ಚೀಲ ಹೆಗಲಿಗೆ ಹಾಕಿದ ಕೂಡಲೇ ಕಾಲು ನಿಮ್ಮ ಕಚೇರಿ ಕಡೆ ಹೊರಡುತ್ತೆ. ಎರಡು ವಾರದಿಂದ ಅದನ್ನ ಹಿಡಿದು ಎಳ್ಕೊಂಡು ಬರ್ತಿದ್ದೀನಿ."

"ನನ್ನ ನೋಡಿದಾಗೆಲ್ಲ ಅಕ್ಕನ ನೆನಪಾಗುತ್ತೆ ನಿಮಗೆ."

"ಆಗಲಿ ಬಿಡಿ. ಮನೇಲಿ ಅವಳ ಹೆಸರೆತ್ತಿದ್ರೆ ಅಮ್ಮ ಮಷೀನ್ ಜೋರಾಗಿ ತುಳೀತಾರೆ. ಎರಡು ವರ್ಷದಿಂದ ಅವಳ ಬಗ್ಗೆ ಒಂದು ಮಾತಾಡೋಕೆ ಜಾಗ ಇಲ್ಲ ನನಗೆ... ನಿಮ್ಮ ಹತ್ರ ಆಡಬಹುದಾ?"

ಅವಳು ಮೆಲ್ಲಗೆ ನಡುವಿನ ಜಾಗಕ್ಕೆ ಸರಿದಳು. ಗ್ರೀಸಿನ ಸಮೇತ ಅವನ ಕೈ ಹಿಡಿದಳು.

"ಹೇಳಿ. ಹೇಗಿದ್ರು ಅವರು?"

"ನನ್ನ ತುಂಬಾ ಗೋಳು ಹುಯ್ಕೋತಿದ್ಲು. ನಿನ್ನನ್ನ ಕಂಡಿದ್ರೆ, ಈ ಪೆದ್ದನ್ನ ಯಾಕೆ ಒಪ್ಪಿದೆ ಅಂತ ಮೊದಲು ಕೇಳ್ತಿದ್ಲು." ಅವಳನ್ನು 'ನೀನು' ಎಂದದ್ದು ಅವನಿಗೇ ಗೊತ್ತಾಗಲಿಲ್ಲ.

"ಒಪ್ಪಿದೆ ಅಂತ ನಾನೆಲ್ಲಿ ಹೇಳಿದೆ?"

"ವಾಪಸ್ ಬರಬೇಕು ಅಂದಿದ್ದೆಯಲ್ಲ?"

"ಹೂಂ."

"ಬಂದಿದ್ದೀನಿ."

ಮುಂದೆ ಏಳು ತಿಂಗಳಿಗೆ ಅವರಿಬ್ಬರ ಮದುವೆಯಾಯಿತು. ಅವನ ತಾಯಿ ಬರಲಿಲ್ಲ.