ಕಲ್ಲುಮರಿಗೆಯ ನೀರು

ಕೀಟನಾಶಕದ ಗೋದಾಮು ಸುಟ್ಟ ಮೇಲೆ ಶೆಟ್ಟಿಕೊಪ್ಪದ ಆಚೆಯ ನಮ್ಮ ಕೇರಿಯನ್ನು ಖಾಲಿ ಮಾಡಿಸಿ, ವಿಷ ಇಳಿದ ಬಾವಿಗೆ ಚಪ್ಪಡಿಯಿಟ್ಟು ಸಿಮೆಂಟ್ ಮೆತ್ತಿದರು. ನಾಯಿಗಳ ಗತಿ ಏನೆಂದು ಒಬ್ಬನೂ ಕೇಳಲಿಲ್ಲ. ಏಳು ನಾಯಿಗೆ ನಾನೇ ದಿನಾ ಮಧ್ಯಾಹ್ನ ಬೈಕಿನಲ್ಲಿ ಅನ್ನ, ಕ್ಯಾನಿನಲ್ಲಿ ನೀರು ಒಯ್ಯುತ್ತಿದ್ದೆ.

ಒಂದು ದಿನ ಅವು ಅನ್ನ ತಿಂದವು, ನೀರು ಮೂಸಲಿಲ್ಲ. ಏಳರ ಮೂತಿಯೂ ಆಗಲೇ ಒದ್ದೆ. ಮುಂಚೆ ಈ ನಾಯಿಗಳಿಗೆ ದಿನಾ ಬಾವಿ ನೀರು ಸೇದಿ ಇಡುತ್ತಿದ್ದ ಜಲಜಮ್ಮನ ಬೀಗ ಹಾಕಿದ ಮನೆಯಂಗಳದಲ್ಲಿ, ಆ ನೀರಿನ ಕಲ್ಲುತೊಟ್ಟಿ, ಕಲ್ಲುಮರಿಗೆ, ತುಂಬಿತ್ತು; ನೀರು ಬಾವಿ ನೀರಿನಷ್ಟೇ ತಣ್ಣಗಿತ್ತು. ಬಾವಿಯ ಸಿಮೆಂಟ್ ಬಿರುಕು ಬಿಟ್ಟಿರಲಿಲ್ಲ.

"ಯಾವನು ಮಾರಾಯ್ರೆ ಇವಕ್ಕೆ ಬಾವಿ ನೀರು ಕುಡ್ಸೋದು?" ಖಾಲಿ ಕೇರಿಗೆ ಹಾಕಿದ್ದ ಗೇಟು ಕಾಯುವ ಸುಬ್ಬಯ್ಯನ ಮೇಲೆ ಹಾರಿದೆ.

"ಒಳಗೆ ಹೋಗೋನು ನೀನೊಬ್ಬನೇ ಮಾರಾಯ. ಜಲಜಮ್ಮ ಆ ಹೊಗೇಲೇ ಹೋದ್ರಲ್ಲ."

ಸಿಟ್ಟಿನಲ್ಲಿ ಕೆಂದು ನಾಯಿಯನ್ನು ಹಿಡಿದು ನನ್ನ ನೀರನ್ನೇ ಕುಡಿಸಿದೆ. ಮರುದಿನ ಅದು ಸತ್ತಿತ್ತು. ಅದೇ ಕ್ಯಾನಿನ ನೀರು ಕುಡಿದ ನನಗೆ ಏನೂ ಆಗಲಿಲ್ಲ. ಮರಿಗೆಯ ನೀರು ಕುಡಿಯುವ ಆರೂ ಇವತ್ತಿಗೂ ಗಟ್ಟಿಮುಟ್ಟಾಗಿವೆ. ನಾನು ಕರೆದರೆ ಮಾತ್ರ ಬರುವುದಿಲ್ಲ.